ಪಿಸ್ತೂಲಿನ ತುಂಡಿಗೆ ಮೊದಲು ಒಳಮೈ ನೋಡಿ

ಹೊಲದಲ್ಲಿ ಸಿಕ್ಕ ಹಳೆಯ ಲೋಹದ ತುಂಡು ಏನಿರಬಹುದು ಅಂತ ಕೇಳುವವರು ಕಳಿಸುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಮುಂಭಾಗದ್ದೇ ಇರುತ್ತವೆ. ತೊಳೆದು, ಒರೆಸಿ, ಚಂದ ಕಾಣುವ ಕಡೆಯಿಂದ ತೆಗೆದಿರುತ್ತಾರೆ. ಹಿಂದೆ ಏನಿದೆ ಅಂತ ಕೇಳಿದರೆ 'ಏನೂ ಇಲ್ಲ, ಸುಮ್ನೆ ಒರಟಾಗಿದೆ' ಅನ್ನುತ್ತಾರೆ. ಆ ಒರಟೇ ಬೇಕಾಗಿರುವುದು. ಮುಂಭಾಗ ಮಾಡಿದವನ ರುಚಿ ಹೇಳುತ್ತದೆ, ಒಳಮೈ ಆ ತುಂಡು ಯಾವುದಕ್ಕೆ ಅಂಟಿಕೊಂಡಿತ್ತು ಅಂತ ಹೇಳುತ್ತದೆ. ಬಂದೂಕು, ಪಿಸ್ತೂಲುಗಳ ತುಂಡಿನ ವಿಷಯದಲ್ಲಂತೂ ಇದು ನೂರಕ್ಕೆ ನೂರು ನಿಜ.

ನಾನಿರುವುದು ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫಕ್‌ನಲ್ಲಿ. ಬಾರ್ಲಿ ಕಟಾವಾದ ಮೇಲೆ ಬಿತ್ತನೆಗೆ ಮುಂಚೆ ಸಿಗುವ ಕೆಲವು ವಾರಗಳಲ್ಲಿ, ರೈತರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಕೂಳೆಯ ಮೇಲೆ ಓಡಾಡುವುದು ನನ್ನ ಹವ್ಯಾಸ. ರೋಮನ್ ನಾಣ್ಯ, ಚಿನ್ನದ ಉಂಗುರ ಅಂತೆಲ್ಲ ಕನಸು ಕಾಣುತ್ತಾ ಹೋಗುತ್ತೇವೆ, ಮನೆಗೆ ಬರುವುದು ಬಹುತೇಕ ಹಳೆ ಗುಂಡಿಗಳು, ಮತ್ತೆ ಬೇಟೆ ತೋಟೆಗಳ ಹಿತ್ತಾಳೆ ಬುಡಗಳು. ಎಲೀ, ಕೈನಾಕ್ ಅಂತ ತಯಾರಕರ ಹೆಸರು ಕೊರೆದಿರುವ ಆ ಬುಡಗಳು ಇಲ್ಲಿನ ಪ್ರತಿ ಹೊಲದಲ್ಲೂ ಇವೆ. ಒಳ್ಳೆಯ ವಸ್ತುವಿನಂತೆಯೇ ಸದ್ದು ಮಾಡಿ ಬಗ್ಗಿಸಿ ಅಗೆಸುತ್ತವೆ.

ಈ ಸಲ ಅಂಥದೇ ಸದ್ದಿಗೆ ಅಗೆದಾಗ ಬಂದದ್ದು ಹಸಿರು ಕಟ್ಟಿದ ಒಂದು ಹಿತ್ತಾಳೆ ಬಟ್ಟಲು. ಅಗಲ ನಾಲ್ಕೂವರೆ ಸೆಂಟಿಮೀಟರ್, ಗೋಡೆ ಎರಡು ಮಿಲಿಮೀಟರ್ ದಪ್ಪ. ಪೂರ್ತಿ ದುಂಡಗಿಲ್ಲ, ಸ್ವಲ್ಪ ಮೊಟ್ಟೆಯಾಕಾರ. ಹೊರಗಡೆ ನಡುವೆ ಒಂದು ಉಬ್ಬು, ಅದರ ಸುತ್ತ ಮೆಟ್ಟಿಲಿನಂಥ ಎರಡು ಬಳೆಗಳು. ಒಂದು ಪಕ್ಕದಿಂದ ಎಲೆಯಂತೆ ಸಪೂರವಾದ ಪಟ್ಟಿಯೊಂದು ಮೇಲಕ್ಕೆ ಚಾಚಿದೆ, ತುದಿ ಮುರಿದಿದೆ. ಎದುರು ಪಕ್ಕದಲ್ಲೂ ಹಾಗೇ ಒಂದು ಇದ್ದದ್ದರ ಗುರುತಿದೆ, ಅದು ಬುಡದಲ್ಲೇ ಹೋಗಿದೆ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಕುಂಕುಮದ ಭರಣಿಯ ಮುಚ್ಚಳದ ಹಾಗಿದೆ ಅಂದರು. ಜೊತೆಗೆ ಡಿಟೆಕ್ಟರ್ ಹಿಡಿದು ಬರುವ ಗೆಳೆಯರಲ್ಲಿ ಒಬ್ಬರು ಡ್ರಾಯರ್ ಹಿಡಿಕೆಯ ತಳ ಅಂದರು, ಇನ್ನೊಬ್ಬರು ಕುದುರೆ ಸಾಜಿನ ಅಲಂಕಾರ ಅಂದರು. ಕತ್ತಿಯ ಹಿಡಿಯ ತುದಿಗುಂಡು ಅಂತಲೂ ಒಂದು ಮಾತು ಬಂತು, ಅದನ್ನು ಹೇಳಿದವರು ಪ್ರತಿಯೊಂದನ್ನೂ ಕತ್ತಿ ಅನ್ನುತ್ತಾರೆ. ಮುಂಭಾಗ ಮಾತ್ರ ನೋಡಿದರೆ ಇವೆಲ್ಲ ಸರಿಯೇ ಅನಿಸುತ್ತದೆ.

ಈಗ ತಿರುಗಿಸಿ. ಹೊರಗೆ ಅರ ಹಾಕಿ ನಯ ಮಾಡಿದ್ದಾರೆ, ಒಳಗೆ ಮರಳಚ್ಚಿನಲ್ಲಿ ಎರಕ ಹೊಯ್ದಾಗ ಬಂದ ಹರಳುಹರಳು ಮೈ ಹಾಗೇ ಇದೆ. ಅಂದರೆ ಒಳಗಡೆ ಯಾರಿಗೂ ಕಾಣುತ್ತಿರಲಿಲ್ಲ, ಏನನ್ನೋ ಮುಚ್ಚಿಕೊಂಡು ಕೂತಿತ್ತು. ಮುಚ್ಚಳವಾಗಿದ್ದರೆ ಒಳಗೂ ನಯ ಮಾಡಬೇಕಿತ್ತು, ದಿನಾ ತೆಗೆದು ಹಾಕುವ ವಸ್ತು ಅಲ್ವಾ. ನಡುವಿನ ಉಬ್ಬಿನಲ್ಲಿ ಒಂದು ತೂತು ಇದೆ, ತಿರುಪಿನ ತಲೆ ಮೈಗೆ ಸಮವಾಗಿ ಕೂರಲಿ ಅಂತ ಹೊರಗಡೆಯಿಂದ ಬಟ್ಟಲಿನಂತೆ ಕೊರೆದಿದ್ದಾರೆ. ತೂತಿನ ಸುತ್ತ ಒಳಗೆ ಕೆಂಗಂದು ಕಲೆ. ಅದು ಕಬ್ಬಿಣದ ತಿರುಪು ತುಕ್ಕು ಹಿಡಿದು ಕರಗಿಹೋದ ಜಾಗ. ಕತ್ತಿಯ ತುದಿಗುಂಡಾಗಿದ್ದರೆ ಅಲಗಿನ ಬಾಲ ತೂರಿ ಬರಲು ಆರಪಾರ ದಾರಿ ಬೇಕು, ಗೋಡೆಯೂ ಇಷ್ಟು ತೆಳು ಇರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೇಳಿದ್ದು ಆ ಉಳಿದ ಪಟ್ಟಿಯ ಅಂಚು. ಅಂಚನ್ನು ಒಳಮುಖವಾಗಿ ಓರೆಯಾಗಿ ಅರ ಹಾಕಿದ್ದಾರೆ. ಮರದಲ್ಲಿ ಅದೇ ಆಕಾರದ ಗುಳಿ ತೋಡಿ, ಪಟ್ಟಿಯನ್ನು ಅದರೊಳಗೆ ಒತ್ತಿ, ಬೆರಳು ಸವರಿದರೆ ಎಲ್ಲಿ ಮರ ಮುಗಿದು ಎಲ್ಲಿ ಹಿತ್ತಾಳೆ ಶುರುವಾಯಿತು ಅಂತ ಗೊತ್ತಾಗದ ಹಾಗೆ ಕೂರಿಸುವುದಕ್ಕೆ ಹೀಗೆ ಮಾಡುತ್ತಾರೆ. ಪಟ್ಟಿ ನೆಟ್ಟಗೂ ಇಲ್ಲ, ಬಾಗಿದೆ, ಆ ಬಾಗು ಬಟ್ಟಲಿನ ಬಾಯಿಗೆ ಓರೆಯಾಗಿ ಹೋಗುತ್ತದೆ. ಕೊಡಗಿನ ಗೆಳೆಯರೊಬ್ಬರು ಇಲ್ಲೇ ಹತ್ತಿರ ಇದ್ದಾರೆ, ಕೋವಿ ಮನೆಯಲ್ಲಿ ಬೆಳೆದವರು. ಅವರು ಒಂದು ಮಾತೂ ಆಡದೆ ತುಂಡನ್ನು ತಗೊಂಡು, ಕಿರುಬೆರಳಿನ ಕೆಳಗೆ ಅಂಗೈ ಅಂಚಿಗೆ ಒತ್ತಿ ಹಿಡಿದು, ತೋರುಬೆರಳನ್ನು ಮುಂದಕ್ಕೆ ಮಡಚಿ ತೋರಿಸಿದರು. ಬಾಗು ಸರಿಯಾಗಿ ಕೈ ಹಿಡಿತದ ಬಾಗೇ. ಪಿಸ್ತೂಲಿನ ಹಿಡಿಯ ತುದಿಗೆ ಹಾಕುವ ಟೋಪಿ ಇದು, ಬಟ್ ಕ್ಯಾಪ್ ಅನ್ನುತ್ತಾರೆ. ಪಕ್ಕಕ್ಕೆ ಚಾಚಿದ ಪಟ್ಟಿಗಳನ್ನು ಇಲ್ಲಿನವರು ಕಿವಿ ಅಂತಲೇ ಕರೆಯುತ್ತಾರೆ.

ಹಿಡಿಗೆ ಟೋಪಿ ಯಾಕೆ ಬೇಕು? ಆಗಿನ ಪಿಸ್ತೂಲು ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವಂಥದ್ದು, ಒಂದು ಸಲ ಹಾರಿಸಿದರೆ ಮುಗಿಯಿತು. ಆಮೇಲೆ ತಿರುಗಿಸಿ ಹಿಡಿದು ಚಚ್ಚುವುದಷ್ಟೇ ಬಾಕಿ. ಹೊಡೆಯದಿದ್ದರೂ ಕುದುರೆಯಿಂದ ಕೆಳಗೆ ಬಿದ್ದರೆ ಮರ ಸೀಳುತ್ತದೆ. ಇನ್ನೊಂದು ಕಾರಣ ಶೋಕಿ. ಸವಾರ ಜೀನಿನ ಮುಂದೆ ತೂಗುಬಿಟ್ಟ ಚರ್ಮದ ಒರೆಯಲ್ಲಿ ಪಿಸ್ತೂಲು ಇಟ್ಟರೆ ಹೊರಗೆ ಕಾಣುವುದು ಹಿಡಿಯ ತುದಿ ಮಾತ್ರ. ದುಡ್ಡಿದ್ದವರು ಅದನ್ನು ಬೆಳ್ಳಿಯಲ್ಲಿ ಮಾಡಿಸಿ, ಮೇಲೆ ವಿಕಾರವಾಗಿ ಹಲ್ಲು ಕಿರಿಯುವ ಮುಖ ಕೆತ್ತಿಸಿಕೊಳ್ಳುತ್ತಿದ್ದರು. ರಾಣಿ ಆ್ಯನ್ ಆಳಿದ್ದು 1702ರಿಂದ 1714ರವರೆಗೆ, ಆಕೆಯ ಹೆಸರಲ್ಲೇ ಕರೆಯುವ ಒಂದು ಬಗೆಯ ಪಿಸ್ತೂಲುಗಳಲ್ಲಿ ಇಂಥ ಮುಖಗಳು ಜಾಸ್ತಿ.

ಇಡೀ ಪಿಸ್ತೂಲು ಯಾಕೆ ಸಿಗುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮರ ಕೊಳೆಯುತ್ತದೆ. ನಳಿಗೆ ಮತ್ತು ಚಾಪು, ಅಂದರೆ ಕಿಡಿ ಹಾರಿಸುವ ಯಂತ್ರ, ಕಬ್ಬಿಣದ್ದು, ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ತುಕ್ಕಿನ ಉಂಡೆಯಾಗುತ್ತವೆ. ಹಿತ್ತಾಳೆಯ ಭಾಗಗಳು ಮಾತ್ರ ಉಳಿಯುತ್ತವೆ: ಟೋಪಿ, ಕುದುರೆ ಕಾಪು (ಬೆರಳಿನಿಂದ ಎಳೆಯುವ ಟ್ರಿಗರ್‌ನ ಸುತ್ತಲಿನ ಬಳೆ), ಚಾಪಿನ ಎದುರು ಬದಿಯ ಪಟ್ಟಿ, ಗಜ (ಮದ್ದು ಜಡಿಯುವ ಕೋಲು) ತೂರಿಸುವ ಕೊಳವೆ. ಜೊತೆಗೆ ನಮ್ಮ ಕೈವಾಡವೂ ಇದೆ. ಬಹುತೇಕರು ಯಂತ್ರದಲ್ಲಿ ಕಬ್ಬಿಣದ ಸದ್ದನ್ನು ಬಂದ್ ಮಾಡಿಕೊಂಡೇ ನಡೆಯುತ್ತಾರೆ, ಇಲ್ಲದಿದ್ದರೆ ಹಳೆ ಮೊಳೆಗಳ ಗೊರಗೊರದಲ್ಲಿ ತಲೆ ಕೆಡುತ್ತದೆ. ಹಾಗಾಗಿ ಪಿಸ್ತೂಲಿನ ಕಬ್ಬಿಣ ಪಕ್ಕದಲ್ಲೇ ಇದ್ದರೂ ನಮಗೆ ಕೇಳಿಸುವುದಿಲ್ಲ.

ಕಾಲದ ಲೆಕ್ಕಕ್ಕೆ ಬರೋಣ. ಇಲ್ಲಿ ಕಿವಿಯೇ ಗಡಿಯಾರ. 18ನೇ ಶತಮಾನದ ಮೊದಲರ್ಧದ ಇಂಗ್ಲಿಷ್ ಪಿಸ್ತೂಲುಗಳಲ್ಲಿ ಟೋಪಿಯ ಕಿವಿಗಳು ಉದ್ದ, ಹಿಡಿಯ ಎರಡೂ ಪಕ್ಕದಲ್ಲಿ ಮೇಲಕ್ಕೆ ಹತ್ತಿ ಹೋಗುತ್ತವೆ. ವರ್ಷ ಕಳೆದ ಹಾಗೆ ಮೊಟಕಾಗುತ್ತಾ ಬಂದು ಕೊನೆಗೆ ಇಲ್ಲವೇ ಆಗುತ್ತವೆ. ಸೈನ್ಯದ ಪಿಸ್ತೂಲುಗಳಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟ. ಡ್ರಗೂನ್ ಅನ್ನುವ ಭಾರಿ ಕುದುರೆ ಸವಾರರ ಪಿಸ್ತೂಲಿಗೆ 12 ಇಂಚಿನ ನಳಿಗೆ, ಉದ್ದ ಕಿವಿಯ ಟೋಪಿ. 1756ರಲ್ಲಿ ಬ್ರಿಟಿಷರು ಹಗುರ ಸವಾರರ ತುಕಡಿಗಳನ್ನು ಕಟ್ಟಲು ಶುರು ಮಾಡಿದರು, ಅವರಿಗೆ ಕೊಟ್ಟ ಪಿಸ್ತೂಲಿನ ನಳಿಗೆ ಕ್ರಮೇಣ 9 ಇಂಚಿಗೆ ಇಳಿಯಿತು, ಟೋಪಿಯೂ ಕಿವಿ ಕಳೆದುಕೊಂಡು ಸಾದಾ ಆಯಿತು. ಖರ್ಚು ಕಮ್ಮಿ, ಮರ ತೋಡುವ ಕೆಲಸವೂ ಕಮ್ಮಿ. ನನ್ನ ತುಂಡಿನ ಕಿವಿ ಮುರಿದು ಉಳಿದದ್ದೇ ನಾಲ್ಕು ಸೆಂಟಿಮೀಟರ್ ಇದೆ. ಹಾಗಾಗಿ 1720ರಿಂದ 1760ರ ನಡುವೆ ಅಂತ ಬರೆದುಕೊಂಡಿದ್ದೇನೆ. ಇದಕ್ಕಿಂತ ಬಿಗಿಯಾಗಿ ವರ್ಷ ಹೇಳುವವರನ್ನು ಕಂಡರೆ ನನಗೆ ಅನುಮಾನ.

ಇದೇ ರೀತಿ ಕುದುರೆ ಕಾಪಿನ ಮುಂದಿನ ತುದಿಯನ್ನೂ ಓದಬಹುದು. ಓಕ್ ಮರದ ಕಾಯಿಯ ಆಕಾರ ಇದ್ದರೆ 18ನೇ ಶತಮಾನದ ನಡುಭಾಗ, ಅನಾನಸ್ ಆಕಾರ ಇದ್ದರೆ ಆ ಶತಮಾನದ ಕೊನೆ ಮತ್ತು ಮುಂದಿನದರ ಶುರು. ಮುರಿದ ಕಾಪಿನ ತುದಿಯನ್ನು ಚಮಚದ ಹಿಡಿ ಅಂದುಕೊಂಡು ಡಬ್ಬಿಗೆ ಹಾಕಿಟ್ಟವರು ಎಷ್ಟೋ ಜನ. ಡಬ್ಬಿ ಮತ್ತೆ ತೆಗೆದು ನೋಡಿ.

ಗುರುತುಗಳ ವಿಷಯ. ನನ್ನ ಟೋಪಿಯ ಮೇಲೆ ಏನೂ ಇಲ್ಲ. ಬಾಣದ ಗುರುತಿದ್ದರೆ ಸರ್ಕಾರದ ಸ್ವತ್ತು ಅಂತ ಅರ್ಥ, ಅಕ್ಷರ ಮತ್ತು ಅಂಕಿ ಕೊರೆದಿದ್ದರೆ ಅದು ತುಕಡಿಯ ಲೆಕ್ಕದ ಸಂಖ್ಯೆ. ಕಿರೀಟದ ಕೆಳಗೆ ಜಿ ಆರ್ (ರಾಜ ಜಾರ್ಜ್‌ನ ಗುರುತು) ಮತ್ತು ಟವರ್ (ಲಂಡನ್ ಟವರ್‌ನ ಆಯುಧಶಾಲೆ) ಅನ್ನುವ ಬರಹ ಚಾಪಿನ ತಗಡಿನ ಮೇಲೆ ಬರುತ್ತದೆ. ನಳಿಗೆ ಸಿಡಿಯದು ಅಂತ ಪರೀಕ್ಷೆ ಮಾಡಿ ಒತ್ತುವ ಮುದ್ರೆಗಳು ನಳಿಗೆಯ ಮೇಲೇ ಇರುತ್ತವೆ. ಲಂಡನ್ನಿನ ಬಂದೂಕು ಕಸುಬುದಾರರ ಸಂಘಕ್ಕೆ 1637ರಲ್ಲಿ ರಾಜನ ಸನ್ನದು ಸಿಕ್ಕಿತು, ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷಾ ಮನೆ ಬಂದದ್ದು 1813ರಲ್ಲಿ. ಟೋಪಿಯ ಮೇಲೆ ಆ ಮುದ್ರೆ ಹುಡುಕಿ ಪ್ರಯೋಜನವಿಲ್ಲ. ಗುರುತಿಲ್ಲ ಅಂದ ಮಾತ್ರಕ್ಕೆ ಸೈನ್ಯದ್ದಲ್ಲ ಅಂತಲೂ ಹೇಳಲಾಗದು. ಆದರೆ ಹೊರಗಿನ ಬಳೆಗಳ ಕೆಲಸ ನೋಡಿದರೆ ಖಾಸಗಿಯಾಗಿ ಮಾಡಿಸಿಕೊಂಡದ್ದು ಅಂತಲೇ ನನ್ನ ಎಣಿಕೆ.

ನಮ್ಮೂರಿಗೆ ನಂಟಿರುವ ಒಂದು ಗುರುತೂ ಇದೆ. ಹೃದಯದ ಆಕಾರ, ಅದನ್ನು ನಾಲ್ಕು ಭಾಗ ಮಾಡಿ ಒಳಗೆ ವಿ, ಇ, ಐ, ಸಿ ಅಕ್ಷರಗಳು, ತಲೆಯ ಮೇಲೆ 4ರಂಥ ಒಂದು ಗೆರೆ. ಅದು ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಕಂಪನಿ ಪಡೆಯ ಬಂದೂಕುಗಳ ಚಾಪಿನ ಮೇಲೆ ಇದ್ದದ್ದು ಇದೇ ಹೃದಯ, ಸಿಂಹದ ಮುದ್ರೆ ಬಂದದ್ದು ಆಮೇಲೆ. ಎದುರಿಗೆ ಟಿಪ್ಪುವಿನ ಕಾರ್ಖಾನೆಯ ಬಂದೂಕು, ಪಿಸ್ತೂಲುಗಳಿದ್ದವು. ಹುಲಿ ಮುಖ, ಹುಲಿ ಪಟ್ಟೆ, ಪಟ್ಟಣ (ಶ್ರೀರಂಗಪಟ್ಟಣ) ಅನ್ನುವ ಊರ ಹೆಸರು, ಟಿಪ್ಪು ತಂದ ಮೌಲೂದಿ ಲೆಕ್ಕದ ಇಸವಿ ಎಲ್ಲ ಇರುವುದರಿಂದ ಅವುಗಳನ್ನು ಗುರುತಿಸಲು ಇಷ್ಟು ಒದ್ದಾಡಬೇಕಿಲ್ಲ. ಅವುಗಳಲ್ಲಿ ಎಷ್ಟೋ ಲೂಟಿಯಾಗಿ ಇಂಗ್ಲೆಂಡಿಗೆ ಬಂದವು. 2019ರಲ್ಲಿ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿದ್ದ ಟಿಪ್ಪು ಕಾಲದ ಬಂದೂಕು, ಕತ್ತಿಗಳು ಹರಾಜಾದ ಸುದ್ದಿ ನೆನಪಿರಬಹುದು. ಅದರ ಹಿಂದಿನ ವರ್ಷ ಹೊಸನಗರ ತಾಲೂಕಿನ ನಗರ ಅನ್ನುವ ಊರಿನಲ್ಲಿ ಹಾಳು ಬಾವಿಯ ಹೂಳು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು.

ಇನ್ನು ಕಥೆ ಕಟ್ಟುವವರ ಬಗ್ಗೆ. ಪಿಸ್ತೂಲಿನ ತುಂಡು ಸಿಕ್ಕ ತಕ್ಷಣ ಇಲ್ಲಿನವರ ಬಾಯಲ್ಲಿ ಬರುವುದು ದಾರಿಗಳ್ಳರು. 1739ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿದ ಡಿಕ್ ಟರ್ಪಿನ್ ಇಂಗ್ಲೆಂಡಿನ ಪ್ರತಿ ಊರಿನಲ್ಲೂ ಪಿಸ್ತೂಲು ಬೀಳಿಸಿಕೊಂಡು ಹೋಗಿದ್ದಾನೆ ಅಂತ ಕಾಣುತ್ತದೆ. ಟರ್ಪಿನ್ ಬಿಟ್ಟರೆ ಅವರು ಹೇಳುವ ಇನ್ನೊಂದು ಕಥೆ 1640ರ ದಶಕದ ಇಂಗ್ಲೆಂಡಿನ ಅಂತರ್ಯುದ್ಧದ್ದು. ಆ ಯುದ್ಧದ ಸವಾರರ ಪಿಸ್ತೂಲುಗಳಲ್ಲಿ ಈ ಉದ್ದ ಕಿವಿಯ ಹಿತ್ತಾಳೆ ಟೋಪಿ ಇರಲಿಲ್ಲ, ಅಲ್ಲಿಗೆ ಆ ಕಥೆ ಮುಗಿಯಿತು. ಟರ್ಪಿನ್ ಕಥೆ ಇಷ್ಟು ಸುಲಭಕ್ಕೆ ಸಾಯುವುದಿಲ್ಲ, ಕಾಲ ಹೊಂದುತ್ತದಲ್ಲ!

ನನಗೆ ಹೆಚ್ಚು ನಂಬಿಕೆ ಬರುವುದು ಸಪ್ಪೆ ಕಾರಣಗಳ ಮೇಲೆ. ಈ ಹೊಲದ ಬದುವಿಗೆ ಹಳೆಯ ಗಾಡಿ ರಸ್ತೆ ಇದೆ, ಪ್ರಯಾಣಿಕರು ಜೀವಭಯಕ್ಕೆ ಜೋಡಿ ಪಿಸ್ತೂಲು ಇಟ್ಟುಕೊಂಡು ಓಡಾಡುತ್ತಿದ್ದ ಕಾಲ ಅದು. 1794ರಲ್ಲಿ ಫ್ರೆಂಚರು ದಂಡೆತ್ತಿ ಬರುತ್ತಾರೆ ಅನ್ನುವ ಭಯಕ್ಕೆ ಊರೂರಲ್ಲಿ ಕುದುರೆ ಇದ್ದ ರೈತರೇ ಸೇರಿ ಯೋಮನ್ರಿ ಅನ್ನುವ ಪಡೆ ಕಟ್ಟಿದರು, ಅಜ್ಜನ ಪಿಸ್ತೂಲನ್ನು ಯಾರಾದರೂ ಕವಾಯತಿಗೆ ತಂದಿದ್ದರೆ ಆಶ್ಚರ್ಯವಿಲ್ಲ. ಇವೆರಡಕ್ಕಿಂತಲೂ ಸಪ್ಪೆ ಕಾರಣ ತಿಪ್ಪೆ. ಪಟ್ಟಣದ ಕಸ, ಬೂದಿ, ಕಕ್ಕಸಿನ ಗೊಬ್ಬರ ಎಲ್ಲ ಗಾಡಿಗಳಲ್ಲಿ ಬಂದು ಈ ಹೊಲಗಳಿಗೆ ಬೀಳುತ್ತಿತ್ತು. ಮುರಿದ ಗುಂಡಿ, ಚಿಲುಮೆ ಚೂರು, ಬೊಂಬೆಯ ಕಾಲು ಎಲ್ಲ ಇಲ್ಲಿ ಸಿಗುವುದು ಅದಕ್ಕೇ. ಹಿಡಿ ಸೀಳಿ ಟೋಪಿ ಕಿತ್ತುಬಂದ ಪಿಸ್ತೂಲು ಪಟ್ಟಣದ ಯಾವುದೋ ಮನೆಯದ್ದಾಗಿದ್ದು, ಅದರ ಚೂರು ಮಾತ್ರ ಹೊಲ ಕಂಡಿರಬಹುದು.

ಇದನ್ನು ಪರೀಕ್ಷಿಸುವ ಒಂದು ದಾರಿ ಇದೆ. ಟೋಪಿ ಸಿಕ್ಕ ಜಾಗದ ಸುತ್ತ ಹಗ್ಗ ಹಿಡಿದು ಚೌಕ ಮಾಡಿ, ಕಬ್ಬಿಣದ ಸದ್ದನ್ನೂ ತೆರೆದು, ನಿಧಾನಕ್ಕೆ ಗುಡಿಸಿದ ಹಾಗೆ ಹೋಗಬೇಕು. ಪಿಸ್ತೂಲು ಇಲ್ಲೇ ಮುರಿದಿದ್ದರೆ ಚಾಪಿನ ತುಕ್ಕುಂಡೆ, ಕಾಪು, ಪಟ್ಟಿ ಏನಾದರೂ ಬರಬೇಕು. ಬಂದದ್ದು ಮೊಳೆಗಳು, ಅರ್ಧ ಲಾಳ, ಬೆಳ್ಳಗೆ ಬೂದಿ ಕಟ್ಟಿದ ಒಂದು ಸೀಸದ ಗುಂಡು. ಗುಂಡಿನ ಅಡ್ಡಳತೆ 13.4 ಮಿಲಿಮೀಟರ್, ತೂಕ 14 ಗ್ರಾಂ ಮೇಲೆ ಚೂರು. ಹಳೆ ಲೆಕ್ಕದಲ್ಲಿ ಒಂದು ಪೌಂಡ್ ಸೀಸಕ್ಕೆ ಎಷ್ಟು ಗುಂಡು ಅಂತ ಹೇಳುತ್ತಿದ್ದರು, 12 ಬೋರ್ ಅನ್ನುವುದು ಇವತ್ತಿಗೂ ಉಳಿದಿರುವುದು ಆ ಲೆಕ್ಕದಿಂದಲೇ. 454 ಗ್ರಾಮನ್ನು 14ರ ಆಸುಪಾಸಿನಿಂದ ಭಾಗಿಸಿದರೆ ಪೌಂಡಿಗೆ 32 ಗುಂಡು. ಕಾಲಾಳಿನ ಮಸ್ಕೆಟ್‌ಗೆ ಇದು ತೀರಾ ಸಣ್ಣದು. 14.2 ಮಿಲಿಮೀಟರ್, ಅಂದರೆ 0.56 ಇಂಚಿನ ಪಿಸ್ತೂಲು ನಳಿಗೆಗೆ ಸಲೀಸಾಗಿ ಇಳಿಯುತ್ತದೆ. ಮಸಿ ಕಟ್ಟಿದ ನಳಿಗೆಯಲ್ಲೂ ಸಿಕ್ಕಿಕೊಳ್ಳದಿರಲಿ ಅಂತ ಗುಂಡನ್ನು ಬೇಕಂತಲೇ ಚಿಕ್ಕದಾಗಿ ಎರೆಯುತ್ತಿದ್ದರು. ಅಚ್ಚಿನ ಗೆರೆ ಇನ್ನೂ ಕಾಣುತ್ತದೆ, ಎಲ್ಲೂ ಚಪ್ಪಟೆಯಾಗಿಲ್ಲ. ಹಾರಿಸದೆ ಕೈಜಾರಿ ಬಿದ್ದದ್ದು. ಇದೇ ಪಿಸ್ತೂಲಿನದು ಅಂತ ನಾನು ಹೇಳುವುದಿಲ್ಲ, ಉತ್ತ ಹೊಲದಲ್ಲಿ ಮೂರು ಶತಮಾನಗಳ ಸಾಮಾನು ಒಂದೇ ಮಣ್ಣಿನಲ್ಲಿ ಉರುಳಾಡುತ್ತಿರುತ್ತದೆ. ಆದರೂ ತಿಪ್ಪೆಯ ಕಡೆಗಿದ್ದ ನನ್ನ ಮನಸ್ಸು ಅವತ್ತು ಸ್ವಲ್ಪ ರಸ್ತೆಯ ಕಡೆಗೆ ವಾಲಿತು.

ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕು, ಚಿನ್ನದ ಹಾಗೆ ಹೊಳೆಯುತ್ತದೆ ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹುಳಿ ತಾಗಿದರೆ ಹಸಿರು ಪದರ ಹೋಗುತ್ತದೆ, ಜೊತೆಗೆ ಅರದ ಗೆರೆ, ತುಕ್ಕಿನ ಕಲೆ, ಒಳಗೆ ಎರಕದವನು ಬಿಟ್ಟಿರಬಹುದಾದ ಅಕ್ಷರ ಎಲ್ಲ ಹೋಗುತ್ತವೆ. ನೀರು, ಮೆತ್ತನೆ ಬ್ರಷ್, ನೆರಳಲ್ಲಿ ಒಣಗಿಸುವುದು, ಅಷ್ಟೇ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಬೆಳಕು ಒಂದು ಬದಿಯಿಂದ ಬೀಳಲಿ.

ಕಾನೂನಿನ ಮಾತು ಹೇಳಲೇಬೇಕು, ಯಾಕೆಂದರೆ ಊರಿನಿಂದ ಬರುವ ಮೊದಲ ಪ್ರಶ್ನೆಯೇ 'ನಿಧಿ ಸಿಕ್ತಾ?' ಅಂತ. ಇಂಗ್ಲೆಂಡಿನಲ್ಲಿ ಜಮೀನಿನ ಮಾಲೀಕರ ಒಪ್ಪಿಗೆ ಇಲ್ಲದೆ ಹುಡುಕುವಂತಿಲ್ಲ, ರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಅಪರಾಧ. 1996ರ ಟ್ರೆಷರ್ ಕಾಯ್ದೆಯ ಪ್ರಕಾರ 300 ವರ್ಷ ದಾಟಿದ, ಹತ್ತನೇ ಒಂದು ಪಾಲಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಅಂದರೆ ರಾಣಿ ಆ್ಯನ್ ಕಾಲದ ಬೆಳ್ಳಿ ಟೋಪಿ ಈಗ ಕಾನೂನಿನ ಲೆಕ್ಕದಲ್ಲಿ ನಿಧಿಯೇ! ನನ್ನದು ತೀರಾ ಸಾಮಾನ್ಯ ಹಿತ್ತಾಳೆ ತುಂಡು, ಹಾಗಾಗಿ ಆ ಗೋಜಿಲ್ಲ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳನ್ನು ಕುತೂಹಲಕ್ಕೆ ಇಟ್ಟುಕೊಳ್ಳಲು ಇಲ್ಲಿನ ಬಂದೂಕು ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ನಾರ್ಫಕ್ ತುಂಬಾ ಎರಡನೇ ಮಹಾಯುದ್ಧದ ವಿಮಾನ ನೆಲೆಗಳಿದ್ದವು, ಆ ಕಾಲದ ಮದ್ದುಗುಂಡು ಕಂಡರೆ ಮುಟ್ಟದೆ ಪೊಲೀಸರಿಗೆ ಫೋನ್ ಮಾಡಬೇಕು.

ಭಾರತದಲ್ಲಿ ಲೆಕ್ಕವೇ ಬೇರೆ. 1878ರ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದೆ, ಹೂತಿಟ್ಟ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಬಂದೂಕಿನ ಭಾಗಗಳಿಗೆ 1959ರ ಆಯುಧ ಕಾಯ್ದೆಯೂ ಇದೆ. ವಿಡಿಯೋ ನೋಡಿ ಡಿಟೆಕ್ಟರ್ ತರಿಸಿಕೊಂಡು ಶ್ರೀರಂಗಪಟ್ಟಣಕ್ಕೋ ಹಂಪಿಗೋ ಹೊರಟರೆ ನಿಮಗೂ ನಿಧಿಗಳ್ಳರಿಗೂ ಪೊಲೀಸರು ವ್ಯತ್ಯಾಸ ಮಾಡುವುದಿಲ್ಲ, ಮಾಡಲೂಬಾರದು. ವೀರಗಲ್ಲಿನ ಬುಡ ಅಗೆದು ಹಾಳು ಮಾಡಿದವರನ್ನು ನಾವು ಸಾಕಷ್ಟು ನೋಡಿದ್ದೇವೆ.

ಜನರಿಗೆ ಸಿಕ್ಕ ವಸ್ತುಗಳನ್ನು ದಾಖಲಿಸುವ ಯೋಜನೆ ಇಲ್ಲಿ 1997ರಿಂದ ಇದೆ, ಬ್ರಿಟಿಷ್ ಮ್ಯೂಸಿಯಂ ನೋಡಿಕೊಳ್ಳುತ್ತದೆ. ಅವರಿಗೆ ಮುಖ್ಯವಾಗಿ ಬೇಕಿರುವುದು 1700ಕ್ಕಿಂತ ಹಿಂದಿನದು, ಆಮೇಲಿನದನ್ನು ಆರಿಸಿ ತಗೊಳ್ಳುತ್ತಾರೆ. ಟೋಪಿ, ಗುಂಡು ಎರಡರ ಜಾಗವನ್ನೂ ನಕ್ಷೆಯ ಅಂಕಿ ಸಮೇತ ಬರೆದು ಕಳಿಸಿದ್ದೇನೆ, ಆರಿಸುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು.

ಸಿಕ್ಕದ್ದರಲ್ಲಿ ಅರ್ಧ ಅರ್ಧ ಅಂತ ರೈತರ ಜೊತೆ ಮೊದಲೇ ಮಾತಾಗಿತ್ತು. ಬೆಲೆ ಕಟ್ಟಿದರೆ ಇಬ್ಬರ ಊಟದ ಖರ್ಚೂ ಹುಟ್ಟುವುದಿಲ್ಲ. ಅವರು ಟೋಪಿಯನ್ನು ಕೈಯಲ್ಲಿ ಹಿಡಿದು, ಟರ್ಪಿನ್ ಇರಬಹುದಾ ಅಂತ ಕೇಳಿದರು. ನಾನು ಕಿವಿಯ ಉದ್ದ, ತಿಪ್ಪೆ, ಯೋಮನ್ರಿ ಎಲ್ಲ ವಿವರಿಸಿದೆ. ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಟೋಪಿ ತಾವೇ ಇಟ್ಟುಕೊಂಡು, ಗುಂಡು ನನಗೆ ಕೊಟ್ಟರು. ಈಗ ಬಂದ ನೆಂಟರಿಗೆಲ್ಲ ಡಿಕ್ ಟರ್ಪಿನ್‌ನ ಪಿಸ್ತೂಲು ಅಂತಲೇ ತೋರಿಸುತ್ತಿದ್ದಾರಂತೆ.